ಚಿಗವ್ವನ ಸವತಿ

ನಮ್ಮ ಚಿಗವ್ವನಿಗೆ ಒಬ್ಬಳು ಸವತಿ ಇದ್ದಾಳೆ. ಮೈಯೆಲ್ಲ ಕಬ್ಬಿಣ, ಬಣ್ಣ ಕಾಡಿಗೆಗಪ್ಪು, ತೂಕ ಮಾತ್ರ ಕೇಳಬೇಡಿ! ತಿನ್ನುವುದು ಕಲ್ಲಿದ್ದಲು, ಕುಡಿಯುವುದು ಬಾವಿಗಟ್ಟಲೆ ನೀರು. ಇಂಥ ಸವತಿಯ ಜೊತೆ ನೀವು ಜಗಳಾಡಿ ಗೆಲ್ಲುತ್ತೀರಾ? ಚಿಗವ್ವ ಮಾತ್ರ ಆಯುಷ್ಯವಿಡೀ ಜಗಳಾಡಿದಳು.

ಚಿಗವ್ವ ನಮ್ಮವ್ವನ ತಂಗಿ, ಮಸ್ಕಿಯವಳು. ಅವಳ ಗಂಡ, ನಮ್ಮ ಕಾಕಾ, ಗುಂತಕಲ್ಲಿನಲ್ಲಿ ಉಗಿಬಂಡಿಯ ಫೈರ್‌ಮ್ಯಾನ್ ಆಗಿದ್ದರು. ಎಂಜಿನ್ನಿನ ಒಲೆಗೆ ಸಲಿಕೆಯಿಂದ ಕಲ್ಲಿದ್ದಲು ಎಸೆಯುವ ಕೆಲಸ. ಮದುವೆಗೆ ಮೊದಲೇ ಆ ನೌಕರಿ ಹಿಡಿದಿದ್ದರಿಂದ ಎಂಜಿನ್ನು ಹಿರೇಹೆಂಡತಿ, ತಾನು ಕಿರಿಯಳು ಅಂತ ಚಿಗವ್ವನ ವಾದ.

"ಅಕಿ ಸಿಳ್ಳಿ ಹೊಡದ್ರ ಸಾಕು, ಉಣ್ಣೂ ತಾಟು ಬಿಟ್ಟು ಓಡ್ತಿದ್ರು. ನಾ ಕರದ್ರ? ಹ್ಞಾಂ ಬಂದೆ, ಹ್ಞಾಂ ಬಂದೆ ಅಂತ ಕುಂತಲ್ಲೇ ಕುಂದರ್ತಿದ್ರು!"

ಉಗಿಬಂಡಿಗಳ ಕಾಲ ಮುಗಿಯಿತು. ಕಾಕಾ ರಿಟೈರ್ ಆಗಿ ಮಸ್ಕಿಗೆ ಬಂದು ಮನೆ ಕಟ್ಟಿಸಿದರು. ಚಿಗವ್ವನ ಸಿಟ್ಟು ಮಾತ್ರ ರಿಟೈರ್ ಆಗಲಿಲ್ಲ. ಪಕ್ಕದ ಮನೆಗೆ ಹೊಸದಾಗಿ ಬಂದ ಮಾಸ್ತರರ ಹೆಂಡತಿ ಒಂದು ಮಧ್ಯಾಹ್ನ ಚಹಾಕ್ಕೆ ಬಂದಿದ್ದಳು. ಚಿಗವ್ವ ಹಿರೇಹೆಂಡತಿಯ ಪುರಾಣ ಬಿಚ್ಚಿದಳು. ಆ ಹೆಣ್ಣುಮಗಳು ಕಣ್ಣಲ್ಲಿ ನೀರು ತಂದುಕೊಂಡು ಕೇಳಿದಳು:

"ಈಗ ಅವರು ಎಲ್ಲಿ ಇರ್ತಾರ್ರೀ?"

"ಹುಬ್ಬಳ್ಳ್ಯಾಗ ನಿಲ್ಲಿಸ್ಯಾರಂತ. ಮೈಗೆಲ್ಲ ಬಣ್ಣ ಬಳದು, ಲೈಟು ಹಚ್ಚಿ. ಮಂದಿ ಟಿಕೀಟು ತಗೊಂಡು ನೋಡಾಕ ಹೋಕ್ಕಾರಂತ!"

ಮಾಸ್ತರರ ಹೆಂಡತಿ ಅರ್ಧ ಚಹಾ ಬಿಟ್ಟು ಎದ್ದಳು. ಮುಂದೆ ಎಷ್ಟೋ ದಿನ ಕಾಕಾ ಎದುರಾದರೆ ಸೆರಗು ಅಡ್ಡ ಹಿಡಿದು ದಾಟುತ್ತಿದ್ದಳು. ಪಾಪದ ಮನುಷ್ಯನಿಗೆ ಕಾರಣವೇ ತಿಳಿಯಲಿಲ್ಲ!

ಸವತಿಯ ಮೇಲೆ ಅಷ್ಟು ಸಿಟ್ಟಿದ್ದರೂ ಅವಳ ವಿದ್ಯೆಯೆಲ್ಲ ಚಿಗವ್ವನಿಗೆ ಬಾಯಿಪಾಠ. ಮುದಗಲ್ಲಿನಲ್ಲಿ ಒಂದು ಮದುವೆ. ಅಡಿಗೆಯ ಒಲೆಯಿಂದ ಕಪ್ಪು ಹೊಗೆ ಏಳುತ್ತಿತ್ತು. ಚಿಗವ್ವ ಸೀದಾ ಒಳಗೆ ನುಗ್ಗಿ, "ಹೊಗಿ ಕರ್ರಗ ಬಂದ್ರ ಫೈರ್‌ಮ್ಯಾನ್ ದಡ್ಡ ಅದಾನ ಅಂತ ಅರ್ಥ. ಯಾರಲೇ ನಿಮ್ಮ ಫೈರ್‌ಮ್ಯಾನ್?" ಎಂದು ಗುಡುಗಿದಳು. ಅಡಿಗೆಯವನು ಸೌಟು ಕೆಳಗಿಟ್ಟು, "ಯಮ್ಮಾ, ಬೆಂಕಿ ಆರಸೋರಿಗೆ ಫೋನ್ ಮಾಡಿಬಿಟ್ರೇನ್ರೀ? ಇದು ಬರೇ ಸಾರು!" ಎಂದು ಕೈ ಮುಗಿದ.

ಹೀಗೇ ನಡೆದಿದ್ದರೆ ಚೆನ್ನಾಗಿತ್ತು. ಹೋದ ವರ್ಷ ಕಾಕಾನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು.

ಚಿಗವ್ವ ಅಳುತ್ತ ಕೂಡುವವಳೇ? ಇಬ್ಬರ ಮಾತನ್ನೂ ತಾನೊಬ್ಬಳೇ ಆಡತೊಡಗಿದಳು. "ಚಾ ಕುಡೀತೀರೇನು?" ಎಂದು ಕೇಳಿ, ದನಿ ದಪ್ಪ ಮಾಡಿ, "ಹ್ಞೂಂ, ಸಕ್ರಿ ಕಡಿಮಿ ಹಾಕು" ಎಂದು ತಾನೇ ಹೇಳುವಳು. ಜಗಳವೂ ಹಾಗೆಯೇ. ಕಾಕಾನ ಪರವಾಗಿ ಎಷ್ಟು ನಿಯತ್ತಿನಿಂದ ವಾದಿಸುತ್ತಿದ್ದಳೆಂದರೆ, ಕೆಲವು ಸಲ ತಾನೇ ಸೋತು, ಮುಖ ಊದಿಸಿಕೊಂಡು ಒಳಗೆ ಹೋಗುತ್ತಿದ್ದಳು! ಕಾಕಾ ಗಾಲಿಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದರು.

ಲಿಂಗಸುಗೂರಿನ ಡಾಕ್ಟರು ಒಂದು ಮಾತು ಅಂದಿದ್ದರು: "ಹಳೇದು ನೆನಪಾಗೂವಂಥಾವು ತೋರಸ್ರಿ. ಒಂದೊಂದು ಸಲ ಬಾಯಿ ಬಿಟ್ರೂ ಬಿಡಬಹುದು." ಚಿಗವ್ವ ಒಂದು ವಾರ ಅದನ್ನೇ ಮೆಲುಕು ಹಾಕಿದಳು. ಆಮೇಲೆ ಲಿಂಗಸುಗೂರಿನಲ್ಲಿದ್ದ ನನಗೆ ಫೋನ್ ಮಾಡಿದಳು.

"ಸಿಂಧನೂರಿಗೆ ರೈಲು ಬಂದೈತಲ್ಲ. ಇವರನ್ನ ಹುಬ್ಬಳ್ಳಿಗೆ ಕರಕೊಂಡು ಹೋಗೂಣು. ಆ ರೈಲು ಮ್ಯೂಸಿಯಂಕ."

"ನಿನ್ನ ಸವತಿ ಹತ್ರ?" ಎಂದು ನಕ್ಕೆ.

ಅವಳು ನಗಲಿಲ್ಲ. "ನನ್ನ ಮುಂದ ಬಾಯಿ ಬಿಡವಲ್ರು. ಅಕಿ ಮುಂದರ ಬಿಡ್ತಾರೇನೋ ನೋಡೂಣು" ಅಂದಳು.

ಬೇಡ, ತ್ರಾಸಾಗುತ್ತದೆ ಎಂದು ಮನೆಮಂದಿಯೆಲ್ಲ ಹೇಳಿದರು. ಯಾರ ಮಾತು ಕೇಳಿದ್ದಾಳೆ ಅವಳು? ಬೆಳಿಗ್ಗೆ ಸಿಂಧನೂರು ಸ್ಟೇಷನ್ನಿನಲ್ಲಿ ಕಾಕಾನನ್ನು ಎತ್ತಿ ಡಬ್ಬಿಯೊಳಗೆ ಕೂಡಿಸಿದೆವು. ದಾರಿಯುದ್ದಕ್ಕೂ ಚಿಗವ್ವ ಕಿಟಕಿಯ ಹೊರಗಿನ ಗದ್ದೆ, ಕಾಲುವೆ, ಎಮ್ಮೆ ಎಲ್ಲವನ್ನೂ ಕಾಕಾನಿಗೆ ತೋರಿಸಿ, ಕಾಕಾನ ಅಭಿಪ್ರಾಯವನ್ನೂ ತಾನೇ ಹೇಳಿದಳು.

ಮ್ಯೂಸಿಯಂನ ಅಂಗಳದಲ್ಲಿ ಹಳೆಯ ಎಂಜಿನ್ನು ಬಿಸಿಲಿಗೆ ಮಿನುಗುತ್ತ ನಿಂತಿತ್ತು. ಒಲೆಯಲ್ಲಿ ಬೆಂಕಿಯಿಲ್ಲ, ಕೊಳವೆಯಲ್ಲಿ ಹೊಗೆಯಿಲ್ಲ. ಕಾಕಾ ದುಡಿದ ಎಂಜಿನ್ನು ಇದಲ್ಲವೆಂದು ನನಗೆ ಗೊತ್ತಿತ್ತು. ಅದು ಎಂದೋ ಗುಜರಿ ಸೇರಿರಬೇಕು. "ಅಕಿ ಅಲ್ಲದಿದ್ರ ಅಕಿ ತಂಗಿ" ಎಂದ ಚಿಗವ್ವ ಚಪ್ಪಲಿ ಬಿಟ್ಟು ಎದುರಿಗೆ ಹೋಗಿ ನಿಂತಳು. ಆ ಕರಿ ಕಬ್ಬಿಣದ ಮೇಲೆ ಅಂಗೈ ಇಟ್ಟು ಸಣ್ಣ ದನಿಯಲ್ಲಿ ಹೇಳಿದಳು:

"ಇಷ್ಟು ವರ್ಷ ಬೈದೀನವ್ವಾ, ಹೊಟ್ಟ್ಯಾಗ ಹಾಕ್ಕೋ. ಇವರ ಕಡಿಂದ ಒಂದು ಮಾತು ಆಡಸು."

ನಾನು ಕುರ್ಚಿಯನ್ನು ಹತ್ತಿರ ತಳ್ಳಿದೆ. ಕಾಕಾ ಎಂಜಿನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಚಕ್ರ ನೋಡಿದರು. ಆಮೇಲೆ ತಲೆ ತಗ್ಗಿಸಿದರು. ನಾವು ಕಾದೆವು. ಏನೂ ಇಲ್ಲ.

"ಅಕಿ ಮುಂದೂ ಬಿಡಲಿಲ್ಲಲ್ಲೋ" ಅಂದಳು ಚಿಗವ್ವ.

ಆಮೇಲೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಎಂಜಿನ್ನಿನ ಮೆಟ್ಟಿಲು ಹಿಡಿದಳು. ಕಾವಲಿನವನು ಓಡಿಬಂದ. "ಅಜ್ಜೀ, ಬೀಳ್ತೀರಿ!"

"ಬಿದ್ರ ಹಿಡಿ. ನಿನ್ನ ಮತ್ಯಾಕ ಇಟ್ಟಾರ?"

ಹಾಗೂ ಹೀಗೂ ಹತ್ತಿದಳು. ಕಿಟಕಿಗೆ ಮೊಣಕೈ ಊರಿ ಕೆಳಗೆ ನೋಡಿದಳು. "ಇಲ್ಲೇ ನಿಂದರ್ತಿದ್ರೇನು ನೀವು?"

ಈಗ ದನಿ ದಪ್ಪ ಮಾಡುತ್ತಾಳೆಂದು ಕಾದೆ. ಮಾಡಲಿಲ್ಲ. ಕಾಕಾನ ಚಹಾ ಗೊತ್ತು, ಸಿಟ್ಟು ಗೊತ್ತು, ನೋವು ಗೊತ್ತು. ಆದರೆ ಈ ಜಾಗಕ್ಕೆ ಅವಳು ಎಂದೂ ಬಂದವಳಲ್ಲ. ಇದರ ಉತ್ತರ ಅವಳ ಬಳಿ ಇರಲಿಲ್ಲ. ಸುಮ್ಮನೆ ಕಾಕಾನ ಮುಖ ನೋಡುತ್ತ ನಿಂತಳು.

ಕುರ್ಚಿಯ ಮೇಲಿದ್ದ ಎಡಗೈ ಮೆಲ್ಲಗೆ ಎದ್ದಿತು. ಅಲ್ಲ ಎಂದು ಅಲ್ಲಾಡಿತು. ಬೆರಳು ಒಳಗೆ, ಒಲೆಯ ಬಾಗಿಲಿನ ಕಡೆ ತೋರಿಸಿತು.

ಚಿಗವ್ವ ಕಿಟಕಿ ಬಿಟ್ಟು ಸರಿದಳು. "ಇಲ್ಲೇ?"

ಇನ್ನೂ ಹಿಂದಕ್ಕೆ ಎಂದಿತು ಕೈ. ಅವಳು ಹಿಂದಕ್ಕೆ ಸರಿದಳು. ಕಾಕಾ ತಲೆಯಾಡಿಸಿದರು.

"ಇಲ್ಲಿ ಗಾಳೀನ ಆಡವಲ್ದಲ್ರೀ! ಮತ್ತ ಉಣ್ಣೂದೆಲ್ಲಿ?"

ಕಾಕಾ ಎಡಗೈಯನ್ನು ಉದ್ದಕ್ಕೆ ಚಾಚಿದರು, ಸಲಿಕೆ ಹಿಡಿದವರ ಹಾಗೆ. ಮುಂದಕ್ಕೆ ನೂಕಿ, ತುಸು ತಡೆದು, ಹಿಂದಕ್ಕೆಳೆದು, ಬಾಯಿಗೆ ತಂದರು. ಚಿಗವ್ವ ಹುಬ್ಬು ಗಂಟಿಕ್ಕಿ ನೋಡಿದಳು.

"ಸಲಿಕಿ ಮ್ಯಾಲೆ ರೊಟ್ಟಿ ಬಿಸಿ ಮಾಡ್ಕೋತಿದ್ರಾ? ನಾ ಕಟ್ಟಿದ ರೊಟ್ಟಿ?"

ಕಾಕಾನ ಮುಖದ ಅರ್ಧ ನಕ್ಕಿತು.

ಅವಳು ಅಲ್ಲೇ, ಒಲೆಯ ಬಾಗಿಲ ಮುಂದೆ ನೆಲಕ್ಕೆ ಕೂತು ಒಂದೊಂದೇ ಕೇಳತೊಡಗಿದಳು. ಕೇಳುವಳು, ಕಾಯುವಳು. ಕೈ ನಿಧಾನವಾಗಿ ಹೇಳುವುದು. ಬಿಸಿಲು ಅಂಗಳ ದಾಟಿತು. ನೋಡಲು ಬಂದ ಮಂದಿ ನೋಡಿ ಹೋದರು.

ನಾನು ಗಡಿಯಾರ ನೋಡಿಕೊಂಡು ಕೂಗಿದೆ: "ಚಿಗವ್ವಾ, ಗಾಡಿ ಟೈಮ್ ಆತು, ಇಳಿ."

ಅವಳು ನನ್ನತ್ತ ತಿರುಗಲೂ ಇಲ್ಲ.

"ತಡಿಯೋ. ಅವರು ಮಾತಾಡಾಕತ್ತಾರ."