ಮೀಸೆಗೆ ಹಚ್ಚಿದ ಮೆಲ್ಕೋಚಾ

ಇಷ್ಟು ವರ್ಷ ಬೆಲ್ಲದ ಪಾಕವನ್ನು ಎಳೆದು ಎಳೆದು ಹದಕ್ಕೆ ತಂದ ಕೈಗೆ ನಾಲ್ಕು ಕೂದಲು ಎಳೆಯುವುದು ಯಾವ ಘನಂದಾರಿ ಕೆಲಸ ಎಂದುಕೊಂಡೇ ಹೆರ್ಮೆಲಿಂದಾ ಅವತ್ತು ಬೆಳಿಗ್ಗೆ ಒಲೆ ಹಚ್ಚಿದ್ದು.

ಬಾನ್ಯೋಸ್ ಊರಿನಲ್ಲಿ ಅವಳ ಮೆಲ್ಕೋಚಾ ಎಂದರೆ ಅಂಥಿಂಥ ಮಿಠಾಯಿಯಲ್ಲ. ಬೆಲ್ಲ ಕರಗಿಸಿ, ಪಾಕ ಕಾಯಿಸಿ, ಕಲ್ಲಿನ ಮೇಲೆ ಸುರಿದು, ಬಾಗಿಲ ಚೌಕಟ್ಟಿಗೆ ಹೊಡೆದ ಮರದ ಗೂಟಕ್ಕೆ ಹಾಕಿ ಎಳೆಯುತ್ತಿದ್ದಳು. ಎಳೆದು, ಮಡಿಸಿ, ಮತ್ತೆ ಎಳೆದು, ಕಂದು ಬಣ್ಣದ ಪಾಕ ಚಿನ್ನದ ಬಣ್ಣಕ್ಕೆ ತಿರುಗುವವರೆಗೆ ಬಿಡುತ್ತಿರಲಿಲ್ಲ. ದಾರಿಯಲ್ಲಿ ಹೋಗುವವರು ನಿಂತು ನೋಡಿ ಹೋಗಬೇಕು, ಅಂಥ ಎಳೆತ. ಅಂಥವಳ ಮೇಲ್ದುಟಿಯ ಮೇಲೆ ಮೂರು ತಿಂಗಳಿಂದ ಒಂದು ಮೀಸೆ, ಯಾರ ಅಪ್ಪಣೆಯನ್ನೂ ಕೇಳದೆ, ಬೆಳೆದು ನಿಂತಿತ್ತು.

ಮೂರು ತಿಂಗಳಿಂದ, ಏಕೆಂದರೆ ಅಮ್ಮ ಹೋಗಿ ಮೂರು ತಿಂಗಳಾಗಿತ್ತು. ಅಮ್ಮ ದೊನ್ಯಾ ಸೊಯ್ಲಾ ಬದುಕಿರುವಷ್ಟು ಕಾಲ ಆ ಮೀಸೆಗೆ ತಲೆಯೆತ್ತಲು ಬಿಟ್ಟವಳಲ್ಲ. ತಿಂಗಳಿಗೊಮ್ಮೆ ಮಗಳನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಪುಟ್ಟ ತಗಡಿನ ಲೋಟದಲ್ಲಿ ಸಕ್ಕರೆ ನಿಂಬೆರಸದ ಪಾಕ ಕಾಯಿಸಿ, "ತುಟಿ ಬಿಗಿ ಹಿಡ್ಕೋ" ಎಂದು ಗದರಿ, ಹಚ್ಚಿ, ಚಟ್ಟನೆ ಕಿತ್ತುಬಿಡುತ್ತಿದ್ದಳು. ಪಾಕ ಎಷ್ಟು ಹೊತ್ತು ಕಾಯಬೇಕು, ನಿಂಬೆ ಎಷ್ಟು ಬೀಳಬೇಕು ಎಂದು ಮಗಳು ಒಂದು ದಿನವೂ ಕೇಳಲಿಲ್ಲ. ಅಮ್ಮ ಇರುತ್ತಾಳಲ್ಲ ಎಂದುಕೊಂಡಿದ್ದಳು. ಈಗ ಅಮ್ಮ ಊರಾಚೆಯ ಸ್ಮಶಾನದಲ್ಲಿದ್ದಳು, ತಗಡಿನ ಲೋಟ ಗೋಡೆಯ ಮೊಳೆಯಲ್ಲಿ ಬೋರಲಾಗಿ ನೇತಾಡುತ್ತಿತ್ತು. ಅದನ್ನು ಮುಟ್ಟಲು ಹೆರ್ಮೆಲಿಂದಾಳಿಗೆ ಇಷ್ಟು ದಿನ ಮನಸ್ಸೇ ಬಂದಿರಲಿಲ್ಲ.

ಆದರೆ ಅವತ್ತು ಮುಟ್ಟಲೇಬೇಕಿತ್ತು. ಅವತ್ತು ಫಿನಾದೋಸ್, ಸತ್ತವರ ಹಬ್ಬ. ದೂರದ ಗುವಾಯಕೀಲ್ ನಗರದಿಂದ ತಂಗಿ ನಾರ್ಸಿಸಾ ಬರುವವಳಿದ್ದಳು. ಮನೆಗಲ್ಲ, ನೇರ ಅಮ್ಮನ ಗೋರಿಗೆ. ಮಧ್ಯಾಹ್ನದ ಬಸ್ಸಿಗೆ ವಾಪಸ್ಸು ಎಂದು ಮೊದಲೇ ಹೇಳಿಕಳಿಸಿದ್ದಳು.

ಅಕ್ಕ ತಂಗಿ ಮಾತು ಬಿಟ್ಟಿದ್ದು ಅಮ್ಮ ತೀರಿಕೊಂಡ ವಾರ. ಮಳೆಗೆ ದಾರಿಯಲ್ಲಿ ಮಣ್ಣು ಕುಸಿದು ನಾರ್ಸಿಸಾ ತಲುಪುವಷ್ಟರಲ್ಲಿ ಶವಪೆಟ್ಟಿಗೆಯ ಮುಚ್ಚಳ ಹಾಕಿಯಾಗಿತ್ತು. ಆಮೇಲೆ ಫೋನಿನಲ್ಲಿ ಅಳುತ್ತ ಅಳುತ್ತ ಒಂದು ಮಾತು ಹೇಳಿದಳು: "ಸಕ್ಕರೆ ಕಾಯಿಲೆಯವಳನ್ನ ಸಕ್ಕರೆ ಒಲೆ ಮುಂದೆ ಕೂರಿಸ್ಕೊಂಡಿದ್ದೆ. ನಿನ್ನ ಮಿಠಾಯಿನೇ ಅಮ್ಮನ್ನ ತಿಂತು." ಆ ಮಾತು ಹೆರ್ಮೆಲಿಂದಾಳ ಎದೆಯಲ್ಲಿ ಮುರಿದ ಮುಳ್ಳಿನಂತೆ ಕೂತಿತ್ತು. ಅದಕ್ಕೊಂದು ಉತ್ತರವನ್ನು ಅವಳು ಮೂರು ತಿಂಗಳಿಂದ ಗೂಟದ ಮುಂದೆ ನಿಂತು ಕಟ್ಟಿದ್ದಳು. ಪಾಕ ಎಳೆಯುವಾಗ ಅರ್ಧ ಸಾಲು, ಮಡಿಸುವಾಗ ಅರ್ಧ ಸಾಲು. "ಮುಚ್ಚಳ ಹಾಕಿದ ಮೇಲೆ ಬಂದವಳು ನೀನು" ಎಂದು ಅದು ಶುರುವಾಗುತ್ತಿತ್ತು. ಶುರುವೇ ಇಷ್ಟು ಖಾರವಾದರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ.

ಇಂಥ ಭಾಷಣವನ್ನು ಮೀಸೆ ಇಟ್ಟುಕೊಂಡು ಮಾಡಲಾಗುವುದಿಲ್ಲ, ಕಷ್ಟ ಇದ್ದದ್ದು ಅಲ್ಲಿ. ಚಿಕ್ಕಂದಿನಲ್ಲಿ ಅಕ್ಕನ ತುಟಿಯ ಮೇಲೆ ಮೊದಲ ನವಿರು ಕಂಡಾಗಲೇ ನಾರ್ಸಿಸಾ ಅವಳಿಗೆ 'ಸಾರ್ಜೆಂಟ್' ಎಂದು ಹೆಸರಿಟ್ಟು ಬೀದಿಗೆಲ್ಲ ಹಂಚಿದ್ದಳು. ಈಗ ಮಾತು ಖಾರವೇರುವ ಹೊತ್ತಿಗೆ ತಂಗಿಯ ಕಣ್ಣು ಮೀಸೆಯ ಮೇಲೆ ನಿಂತಿತೋ, ಮೂರು ತಿಂಗಳ ಶ್ರಮ ನೀರಿನಲ್ಲಿ ಹೋಮ.

ಗಂಡ ಅನ್ಸೆಲ್ಮೊ ಬಾಗಿಲಲ್ಲಿ ಕೂತು ಮಿಠಾಯಿಗೆ ಕಾಗದ ಸುತ್ತುತ್ತಿದ್ದ. ಅವನ ಮುಖದ ಮೇಲೆ ಲೆಕ್ಕಕ್ಕೆ ಸಿಗುವಷ್ಟೇ ಕೂದಲು. ದೇವರು ಮೀಸೆಯನ್ನು ಅದೇ ಮನೆಗೆ ಕಳಿಸಿ ಆಳು ತಪ್ಪಿ ಕೊಟ್ಟುಬಿಟ್ಟಿದ್ದ.

"ಪಾರ್ಲರಿಗೆ ಹೋಗಬಾರ್ದಾ?" ಎಂದ.

"ಹಬ್ಬದ ದಿನ ಯಾವ ಪಾರ್ಲರ್ ತೆಗೆದಿರುತ್ತೆ? ಪಾಕದ ವಿಷಯ ನನಗೆ ಹೇಳಿಕೊಡೋಕೆ ಬರಬೇಡ."

ಸಕ್ಕರೆ ಡಬ್ಬಿ ಖಾಲಿಯಾಗಿತ್ತು. ಬೆಲ್ಲವೂ ಸಕ್ಕರೆಯ ಅಣ್ಣನೇ ತಾನೆ ಎಂದು ಅಮ್ಮನ ಲೋಟಕ್ಕೆ ಒಂದು ತುಂಡು ಬೆಲ್ಲ ಹಾಕಿದಳು, ನಿಂಬೆ ಹಿಂಡಿದಳು. ಪಾಕ ನೊರೆಯೆದ್ದಿತು. ಅಮ್ಮನ ಪಾಕ ಎಳೆ ಪಾಕ, ಬೆರಳಿಗೆ ಅಂಟಿ ಜೋಲುವಷ್ಟು ಮೆತ್ತಗೆ. ಅಲ್ಲಿಗೆ ಇಳಿಸಬೇಕಿತ್ತು. ಆದರೆ ವರ್ಷಗಟ್ಟಲೆ ಮೆಲ್ಕೋಚಾ ಮಾಡಿದ ಕೈ ಎಳೆ ಪಾಕಕ್ಕೆ ಇಳಿಸಿದ್ದು ಯಾವಾಗ? ಹೆರ್ಮೆಲಿಂದಾ ಭಾಷಣದ ಎರಡನೆಯ ಸಾಲು ನೆನಪಿಸಿಕೊಳ್ಳುತ್ತ ನಿಂತಳು, ಕೈ ತನ್ನ ಪಾಡಿಗೆ ತಾನು ಕದಡುತ್ತ ಹೋಯಿತು, ಅಭ್ಯಾಸಬಲದಿಂದ ಒಂದು ಹನಿಯನ್ನು ತಣ್ಣೀರಿಗೂ ಬಿಟ್ಟಿತು. ಹನಿ ಬಟ್ಟಲಿನ ತಳಕ್ಕೆ ತಾಗಿ ಟಣ್ ಎಂದಿತು. ಮೆಲ್ಕೋಚಾ ಮಾಡುವವರಿಗೆ ಅದಕ್ಕಿಂತ ಇಂಪಾದ ಸದ್ದಿಲ್ಲ. ಅವಳಿಗೆ ಒಳಗೊಳಗೇ ಹೆಮ್ಮೆಯಾಯಿತು. ಅದೇ ಗಳಿಗೆಗೆ ಒಲೆ ಪುಸ್ಸೆಂದು ಆರಿತು, ಸಿಲಿಂಡರ್ ಮುಗಿದಿತ್ತು. ಕೆಲಸ ಆದಮೇಲೆ ಮುಗಿಯಿತಲ್ಲ, ಪುಣ್ಯ ಎಂದುಕೊಂಡಳು.

ಮಿಠಾಯಿಯವಳ ಕೈ ಧಾರಾಳ. ಚರ್ಮ ತಡೆಯುವಷ್ಟು ಆರಿದ ಕೂಡಲೇ ಅಮ್ಮ ಹೇಳಿದಂತೆ ತುಟಿ ಬಿಗಿ ಹಿಡಿದು ಈ ಕೆನ್ನೆಯ ಅಂಚಿನಿಂದ ಆ ಕೆನ್ನೆಯ ಅಂಚಿಗೆ ಬಳಿದಳು. ಪಾಕ ನಿಧಾನವಾಗಿ ಕೆಳಗಿಳಿದು ಮುಚ್ಚಿದ ತುಟಿಗಳನ್ನೂ ಆವರಿಸಿತು. ಅಮ್ಮನಾದರೆ ಹಚ್ಚಿದ ಬೆನ್ನಿಗೇ ಕೀಳುತ್ತಿದ್ದಳು. ಹೆರ್ಮೆಲಿಂದಾ, ಕಲ್ಲಿನ ಮೇಲೆ ಸುರಿದ ಪಾಕ ಆರಲಿ ಎಂದು ಕಾಯುವಂತೆ, ಕೈ ಕಟ್ಟಿಕೊಂಡು ಕಾದಳು.

ಆರಿತು. ಚೆನ್ನಾಗಿಯೇ ಆರಿತು. ಅಂಚಿಗೆ ಉಗುರು ಹಾಕಿ ಎಳೆದರೆ ಕಣ್ಣಿಗೆ ನೀರು ಬಂತು, ಮೆಲ್ಕೋಚಾ ಬರಲಿಲ್ಲ. ಬಾಯಿ ತೆರೆದು ಕೂಗೋಣವೆಂದರೆ ಬಾಯಿಯೂ ತೆರೆಯಲಿಲ್ಲ.

"ಉಂ," ಎಂದಳು.

ಅನ್ಸೆಲ್ಮೊ ಒಳಗೆ ಬಂದು ನೋಡಿದ. ಬಹಳ ಹೊತ್ತು ನೋಡಿದ. "ನಾನು ನಿನ್ನ ಮದುವೆಯಾಗಿ ಇಷ್ಟು ವರ್ಷದಲ್ಲಿ ಈ ಮನೆ ಇಷ್ಟು ನಿಶ್ಶಬ್ದ ಆಗಿದ್ದು ಇವತ್ತೇ," ಎಂದ.

ಅವಳು ಸೌಟು ಎತ್ತಿಕೊಂಡ ಮೇಲೆ ಅವನಿಗೆ ಗಾಂಭೀರ್ಯ ಬಂತು. ಎಣ್ಣೆ ಹಚ್ಚಿದ. ಮೆಲ್ಕೋಚಾ ಮಿರಮಿರ ಮಿಂಚಿತು, ಅಷ್ಟೆ. ತಣ್ಣೀರು ಹಾಕಿದರೆ ಇನ್ನಷ್ಟು ಬಿಗಿಯಿತು. ಬಿಸಿನೀರು ಬೇಕು, ಒಲೆಯಲ್ಲಿ ಗ್ಯಾಸಿಲ್ಲ, ಹಬ್ಬದ ದಿನ ಸಿಲಿಂಡರಿನ ಗಾಡಿ ಬರುವುದಿಲ್ಲ. ಪಕ್ಕದ ಮನೆಯಿಂದ ತರಲಾ ಎಂದು ಕೇಳಿದ್ದಕ್ಕೆ ಅವಳು ಕತ್ತು ಕಳಚಿ ಬೀಳುವಂತೆ ತಲೆಯಾಡಿಸಿದಳು. ಪಕ್ಕದ ಮನೆಗೆ ಗೊತ್ತಾದರೆ ಊರಿಗೆ ಗೊತ್ತಾದಂತೆ. ನೆಲದಿಂದಲೇ ಬಿಸಿನೀರು ಉಕ್ಕುವ ಊರು ಅದು, ಹೊಂಡಕ್ಕೆ ಹೋಗಿ ಮುಖ ಅದ್ದಿಕೊಂಡು ಬಾ ಎಂದ. ಹಬ್ಬದ ರಜೆಗೆ ಬಂದ ಜನ ಹೊಂಡದಲ್ಲಿ ಮುಖಕ್ಕೆ ಮುಖ ತಾಗಿಸಿಕೊಂಡು ನಿಂತಿರುತ್ತಾರೆ, ಅವರ ನಡುವೆ ಈ ಮೂತಿ ಹೊತ್ತು ನಿಲ್ಲುವುದಕ್ಕಿಂತ ಅಮ್ಮನ ಪಕ್ಕದಲ್ಲಿ ಒಂದು ಗುಂಡಿ ತೋಡಿಸಿಕೊಳ್ಳುವುದು ವಾಸಿ ಎಂದು ಅವಳಿಗೆ ಅನಿಸಿತು.

ಹೋಗದೇ ಇರೋಣವೆಂದರೆ ಅದೂ ಆಗದು. ಅಮ್ಮನ ಮೊದಲ ಫಿನಾದೋಸ್. ಅಕ್ಕ ಅದಕ್ಕೂ ಬರಲಿಲ್ಲ ಎಂದು ನಾರ್ಸಿಸಾ ಜನ್ಮವಿಡೀ ಹೇಳುತ್ತಾಳೆ, ಮತ್ತೆ ಈ ಊರಿನ ಕಡೆ ತಲೆ ಹಾಕುವುದಿಲ್ಲ. ಅಮ್ಮನಿಲ್ಲದ ಮೇಲೆ ಬರುವುದಕ್ಕೆ ಬೇರೆ ನೆಪವಾದರೂ ಏನಿದೆ? ಹೆರ್ಮೆಲಿಂದಾ ಕಪ್ಪು ಶಾಲನ್ನು ಮೂಗಿನವರೆಗೆ ಸುತ್ತಿ ಹೂವು ಹಿಡಿದು ಹೊರಟಳು.

ಜಿನುಗು ಮಳೆ. ಸ್ಮಶಾನದ ತುಂಬ ಜನ, ಗೋರಿ ತೊಳೆಯುವವರು, ಸುಣ್ಣ ಬಳಿಯುವವರು. ಗುರುತಿನವರು ಮಾತಾಡಿಸಿದರೆ ಅವಳು ಕಣ್ಣಲ್ಲೇ ವಂದಿಸಿ ಮುಂದೆ ಹೋದಳು. ಪಾಪ, ದುಃಖಕ್ಕೆ ಮಾತೇ ಕಟ್ಟಿಹೋಗಿದೆ ಎಂದು ಹೆಂಗಸರು ಹಿಂದಿನಿಂದ ಲೊಚಗುಟ್ಟಿದರು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ತುಟಿಯ ಒಳಗಿನಿಂದ ಬೆಲ್ಲ ಒಂದೊಂದೇ ಹನಿ ಕರಗಿ ಬಾಯೊಳಗೆ ಇಳಿಯುತ್ತಿತ್ತು. ಸಕ್ಕರೆ ಕಾಯಿಲೆಯಿಂದ ಸತ್ತ ತಾಯಿಯ ಗೋರಿಗೆ ಸಿಹಿ ಚೀಪಿಕೊಂಡು ಹೋಗುತ್ತಿದ್ದೇನೆ ಎಂದು ಹೊಳೆದಾಗ ಅವಳು ಶಾಲನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು.

ನಾರ್ಸಿಸಾ ಆಗಲೇ ಬಂದು ಗೋರಿಯ ಕಟ್ಟೆಯ ಮೇಲೆ ಕೂತಿದ್ದಳು. ಸೊರಗಿಹೋಗಿದ್ದಳು. ಪಕ್ಕದಲ್ಲಿ ಈ ಹಬ್ಬಕ್ಕೆಂದೇ ಮಾಡುವ ಮಗುವಿನಾಕಾರದ ಬ್ರೆಡ್ಡುಗಳ ಚೀಲ, ಒಂದು ಫ್ಲಾಸ್ಕು. ಅಕ್ಕನನ್ನು ಕಂಡು ಎದ್ದು ನಿಂತಳು, ಮತ್ತೆ ಕೂತಳು. ಲೋಟಕ್ಕೆ ಕೋಲಾದಾ ಬಗ್ಗಿಸಿದಳು. ಹಣ್ಣು, ಲವಂಗ, ಚಕ್ಕೆ ಹಾಕಿ ಕಾಯಿಸಿದ ಆ ನೇರಳೆ ಗಂಜಿ ಸತ್ತವರ ಹೆಸರಿನಲ್ಲಿ ಕುಡಿಯುವಂಥದು. ಅದನ್ನು ಕೊಟ್ಟಾಗ ಬೇಡವೆಂದರೆ ಸಂಬಂಧವೇ ಬೇಡ ಎಂದ ಹಾಗೆ.

"ತಗೋ ಅಕ್ಕ. ನಾನೇ ಮಾಡಿದ್ದು."

ಹೆರ್ಮೆಲಿಂದಾ ಲೋಟ ತೆಗೆದುಕೊಂಡಳು, ಕುಡಿಯಲಿಲ್ಲ. ಹಬೆ ಶಾಲಿಗೆ ಬಡಿಯುತ್ತಿತ್ತು. ಮೆಲ್ಲಗೆ ಕಟ್ಟೆಯ ಮೇಲೆ ಇಟ್ಟಳು. ನಾರ್ಸಿಸಾಳ ಮುಖ ಬಿಳಿಚಿಕೊಂಡಿತು.

"ಕುಡಿಯಲ್ವಾ? ಹೋಗಲಿ, ಬೈಯಾದರೂ ಬೈ. ಬೈಸಿಕೊಳ್ಳೋಕೇ ಬಂದಿದೀನಿ."

"ಉಂ," ಎಂದಳು ಹೆರ್ಮೆಲಿಂದಾ.

ಮೂರು ತಿಂಗಳ ಭಾಷಣ ಗಂಟಲವರೆಗೆ ಬಂದು, ಬಾಗಿಲು ಹಾಕಿದ್ದು ನೋಡಿ, ಅಲ್ಲೇ ನಿಂತಿತ್ತು. ಅಕ್ಕ ಬಾಯಿ ಬಿಡದೇ ಇರುವುದು ನಾರ್ಸಿಸಾ ಕಂಡರಿಯದ ಸಂಗತಿ. ಎರಡು ಮಾತು ಬೈದಿದ್ದರೆ ಅವಳೂ ನಾಲ್ಕು ಮಾತು ಬೈದು ಬಸ್ಸು ಹತ್ತುತ್ತಿದ್ದಳು. ಈ ಮೌನಕ್ಕೆ ಏನು ಮಾಡುವುದು ಅವಳಿಗೆ ತಿಳಿಯಲಿಲ್ಲ, ತಾನೇ ಮಾತಾಡತೊಡಗಿದಳು. ಮಣ್ಣು ಕುಸಿದ ದಾರಿಯಲ್ಲಿ ಬಸ್ಸಿನೊಳಗೆ ಕೂತು ಅತ್ತದ್ದು, ಅಮ್ಮನ ಮುಖ ಕೊನೆಗೊಮ್ಮೆ ನೋಡಲಾಗದೆ ರಾತ್ರಿಗಳು ನಿದ್ದೆಯಿಲ್ಲದೆ ಹೋದದ್ದು, ಎಲ್ಲ ಹೇಳಿದಳು.

"ಯಾರ ಮೇಲಾದ್ರೂ ಹಾಕಬೇಕಿತ್ತು ಅಕ್ಕ. ದೇವರ ಮೇಲೆ ಹಾಕೋಕೆ ಹೆದರಿಕೆ ಆಯ್ತು. ನಿನ್ನ ಮೇಲೆ ಹಾಕ್ದೆ."

ಹೆರ್ಮೆಲಿಂದಾಳ ಕಣ್ಣಿಂದ ನೀರು ಇಳಿದು ಶಾಲಿನೊಳಗೆ ಸೇರಿತು. ಏನಾದರೂ ಹೇಳಬೇಕು, ಈಗಲೇ ಹೇಳಬೇಕು. "ಉಂ, ಉಂ," ಎಂದಳು. ಬಾಯಿ ಮಿಸುಕಲಿಲ್ಲ.

ನಾರ್ಸಿಸಾ ಕಣ್ಣೊರೆಸಿಕೊಂಡು ಎದ್ದಳು. "ಆಯ್ತು. ಗೊತ್ತಾಯ್ತು. ಇನ್ನು ನಾನು ಬರಲ್ಲ," ಎಂದು ಫ್ಲಾಸ್ಕಿಗೆ ಮುಚ್ಚಳ ಹಾಕತೊಡಗಿದಳು.

ಹೆರ್ಮೆಲಿಂದಾ ಅವಳ ಕೋಟಿನ ಚುಂಗು ಹಿಡಿದಳು. ಮಾನ ಮರ್ಯಾದೆಯೆಲ್ಲ ಅಮ್ಮನ ಪಾದಕ್ಕೆ ಒಪ್ಪಿಸಿ ಶಾಲು ಕೆಳಗೆಳೆದಳು.

ನಾರ್ಸಿಸಾ ನೋಡಿದಳು. ಹತ್ತಿರ ಬಂದು ನೋಡಿದಳು. ಮೂಸಿದಳು. ಉಗುರಿನಿಂದ ತಟ್ಟಿದರೆ ಟಕ್ ಎಂದಿತು.

"ಮೆಲ್ಕೋಚಾ?"

ತಲೆಯಾಡಿತು.

"ಮೀಸೆಗೆ?"

ತಲೆ ಇನ್ನೂ ಕೆಳಗೆ ಬಾಗಿ ಆಡಿತು.

ನಾರ್ಸಿಸಾಳ ಮುಖದಲ್ಲಿ ನಗು ಹೊರಟಿತ್ತು, ಬರುವಷ್ಟರಲ್ಲಿ ಅದು ಅಳುವಾಗಿತ್ತು. "ಅಮ್ಮ ಇದ್ದಿದ್ರೆ ಹೀಗಾಗ್ತಿತ್ತಾ," ಎಂದಳು. ಅಕ್ಕನನ್ನು ಕಟ್ಟೆಯ ಮೇಲೆ ಬೆಳಕಿಗೆ ಕೂರಿಸಿದಳು. ಫ್ಲಾಸ್ಕಿನಿಂದ ಮತ್ತೆ ಬಿಸಿ ಕೋಲಾದಾ ಬಗ್ಗಿಸಿ, ಕರವಸ್ತ್ರ ಅದ್ದಿ, ತುಟಿಗೆ ಒತ್ತಿದಳು. "ತುಟಿ ಬಿಗಿ ಹಿಡ್ಕೋಬೇಡ," ಎಂದು ಗದರಿದಳು. ಗದರಿದ ದನಿ ಅಮ್ಮನದೇ. ಇಬ್ಬರಿಗೂ ಅದು ಕೇಳಿಸಿತು, ಇಬ್ಬರೂ ಗೋರಿಯ ಕಡೆ ನೋಡಲಿಲ್ಲ.

ಬೆಲ್ಲ ನೇರಳೆ ಬಣ್ಣದಲ್ಲಿ ಕರಗಿ ಗದ್ದದಿಂದ ತೊಟ್ಟಿಕ್ಕಿತು. ಮೊದಲು ಒಂದು ಮೂಲೆ ಬಿಟ್ಟಿತು, ಆಮೇಲೆ ಇನ್ನೊಂದು. ಹೆರ್ಮೆಲಿಂದಾ ಬಾಯಿ ತುಂಬ ಉಸಿರೆಳೆದುಕೊಂಡಳು. ನಾರ್ಸಿಸಾ ಕೈ ಮಡಿಲಲ್ಲಿಟ್ಟುಕೊಂಡು ಕೂತಳು.

"ಈಗ ಹೇಳು. ಏನೇನಿದೆಯೋ ಹೇಳು."

ಹೆರ್ಮೆಲಿಂದಾ ಭಾಷಣಕ್ಕಾಗಿ ಹುಡುಕಿದಳು. ಬೆಳಿಗ್ಗೆ ಇತ್ತು. ಗೂಟದ ಮುಂದೆ ಅಷ್ಟು ಎಳೆದು ಎಳೆದು ಕಟ್ಟಿದ್ದು ಈಗ ಒಂದು ಸಾಲೂ ಸಿಗಲಿಲ್ಲ. ತುಟಿ ನೆಕ್ಕಿಕೊಂಡಳು.

"ಲವಂಗ ಜಾಸ್ತಿ ಆಗಿದೆ ಕಣೇ," ಎಂದಳು.

"ಗೊತ್ತು. ಅಮ್ಮ ಎಷ್ಟು ಹಾಕ್ತಿದ್ಲು?"

"ನನಗೇನು ಗೊತ್ತು? ನಾನು ಕೇಳಲೇ ಇಲ್ಲ."

"ನಾನೂ ಕೇಳಲಿಲ್ಲ," ಎಂದಳು ನಾರ್ಸಿಸಾ. ಆಮೇಲೆ ಇಬ್ಬರೂ ಒಬ್ಬರ ಹೆಗಲಿಗೊಬ್ಬರು ತಲೆಯಿಟ್ಟು ಬಾಯಿಬಿಟ್ಟು ಅತ್ತರು. ಮಧ್ಯಾಹ್ನದ ಬಸ್ಸು ಕೆಳಗಿನ ರಸ್ತೆಯಲ್ಲಿ ಹಾರನ್ ಹೊಡೆದು ಹೋಯಿತು. ನಾರ್ಸಿಸಾ ಏಳಲಿಲ್ಲ.

ಸಂಜೆಗೆ ಮಳೆಯಲ್ಲಿ ಇಬ್ಬರೂ ಒಂದೇ ಶಾಲಿನಡಿ ಮನೆಗೆ ಬಂದರು. ದಾರಿಯುದ್ದಕ್ಕೂ ಜನ ಹೆರ್ಮೆಲಿಂದಾಳನ್ನು ನೋಡಿ ಪಕ್ಕಕ್ಕೆ ಮುಖ ತಿರುಗಿಸಿಕೊಳ್ಳುತ್ತಿದ್ದದ್ದು ಏಕೆಂದು ಅವಳಿಗೆ ತಿಳಿದದ್ದು ಬಾಗಿಲಲ್ಲಿ ಕೂತ ಅನ್ಸೆಲ್ಮೊ ತಲೆಯೆತ್ತಿದಾಗ. ಬೆಲ್ಲವೇನೋ ಕರಗಿತ್ತು. ಆದರೆ ಒಂದು ಕೂದಲೂ ಜಾಗ ಬಿಟ್ಟು ಕದಲಿರಲಿಲ್ಲ. ಕೂದಲೆಲ್ಲ ಕೋಲಾದಾ ಕುಡಿದು, ಕಡು ನೇರಳೆ ಬಣ್ಣ ಹಿಡಿದು, ಮೊದಲಿಗಿಂತ ಗತ್ತಿನಿಂದ ನಿಂತಿದ್ದವು.

"ಮೀಸೆ ತೆಗೀತೀನಿ ಅಂತ ಹೊರಟವಳು ಬಣ್ಣ ಹಾಕಿಸ್ಕೊಂಡು ಬಂದ್ಯಾ?" ಎಂದ ಅನ್ಸೆಲ್ಮೊ.

ಹೆರ್ಮೆಲಿಂದಾ ಬಾಯಿ ತೆರೆದಳು. ಈಗ ಅದು ಸಲೀಸಾಗಿ ತೆರೆಯಿತು, ಆದರೆ ಮಾತು ಹೊರಡುವ ಮೊದಲೇ ತಂಗಿ ಮುಂದೆ ಬಂದಳು. ನಾರ್ಸಿಸಾ ಅವಳ ತೋಳು ಹಿಡಿದುಕೊಂಡು ಹೊಸ್ತಿಲು ದಾಟಿದಳು, ಒಲೆಯ ಮೇಲಿಂದ ಅಮ್ಮನ ತಗಡಿನ ಲೋಟ ತೆಗೆದು ಕೈಯಲ್ಲಿ ಹಿಡಿದಳು.

"ಸಾರ್ಜೆಂಟ್ ಮುಂದೆ ಸ್ವಲ್ಪ ತಗ್ಗಿ ಮಾತಾಡಿ, ಭಾವ," ಎಂದಳು.