ಕಲ್ಲಂಗಡಿಯ ಪರಿಚಯ ಸಮಾರಂಭ

ಎಳೆಯ ಕೋಳಿಮರಿಗಳಿಗೆ ಹೊಸ ತಿನಿಸುಗಳನ್ನು ಹಂತಹಂತವಾಗಿ ಪರಿಚಯಿಸತಕ್ಕದ್ದು ಹಾಗೂ ಜೀರ್ಣಕ್ಕೆ ಅನುಕೂಲವಾಗುವಂತೆ ಸಣ್ಣ ಕಲ್ಲುಗಳನ್ನು ಒದಗಿಸತಕ್ಕದ್ದು ಎಂಬ ಸುತ್ತೋಲೆ ಕೋಳಿಮರಿ ಪಾಲನಾ ಕೇಂದ್ರವನ್ನು ತಲುಪಿತು. ಅದರಲ್ಲಿ ಒಂದೇ ಒಂದು ಕಾಗುಣಿತದ ತಪ್ಪೂ ಇರಲಿಲ್ಲವಾದ್ದರಿಂದ ಅಕ್ಷರಶಃ ಪಾಲಿಸುವುದೆಂದು ತೀರ್ಮಾನವಾಯಿತು.

ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ಮೇಲ್ವಿಚಾರಕ. ಕೆಲಸಕ್ಕೆ ಸೇರಿದ ದಿನ ತಾತ್ಕಾಲಿಕವಾಗಿ ಕೊಟ್ಟಿದ್ದ ಸ್ಟೂಲಿನ ಮೇಲೆ ಅವನು ತಲೆ ನರೆಯುವವರೆಗೂ ತಾತ್ಕಾಲಿಕವಾಗಿಯೇ ಕೂತಿದ್ದ. ಬೆನ್ನು ಒರಗಿಸುವ ಕುರ್ಚಿ ಬಡ್ತಿ ಸಿಕ್ಕವರಿಗೆ ಮಾತ್ರ. ಸುತ್ತೋಲೆಯ ಈ ಯೋಜನೆ ಗೆದ್ದರೆ ಬಡ್ತಿ.

"ಈ ಸಲವಾದ್ರೂ ಕುರ್ಚಿ ಸಿಗುತ್ತೇನ್ರಿ?" ಎಂದು ಹೆಂಡತಿ ಅವನ ಸೊಂಟಕ್ಕೆ ಎಣ್ಣೆ ತಿಕ್ಕುತ್ತಾ ಕೇಳಿದಳು.

"ಎಲ್ಲಾ ಮರಿಗಳ ಕೈಲಿದೆ ಕಣೇ," ಎಂದ. ಮರಿಗಳಿಗೆ ಕೈ ಇಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು.

ಮೊದಲ ತಿನಿಸಾಗಿ ಕಲ್ಲಂಗಡಿ ಹಣ್ಣು ಬಂತು. ಮರಿಗಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಕೇಂದ್ರದಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅಕ್ಕ ಹಣ್ಣನ್ನು ಹೆಚ್ಚಲು ಚಾಕು ತಂದಾಗ ಮೇಲ್ವಿಚಾರಕ ಅಡ್ಡ ಬಂದ.

"ಏನಕ್ಕಾ ಮಾಡ್ತಿದೀರಿ? ಪರಿಚಯಿಸತಕ್ಕದ್ದು ಅಂತ ಇದೆ. ತಿನ್ನಿಸತಕ್ಕದ್ದು ಅಂತ ಎಲ್ಲಿದೆ?"

"ತಿಂದ್ರೆ ತಾನೆ ಸಾರ್ ಪರಿಚಯ ಆಗೋದು?"

"ನಿಮಗೆ ನನ್ನ ಪರಿಚಯ ಇದೆಯಲ್ಲ, ಯಾವತ್ತಾದ್ರೂ ನನ್ನನ್ನ ತಿಂದಿದ್ದೀರಾ?"

ಅಕ್ಕ ನೆನಪು ಮಾಡಿಕೊಂಡು ನೋಡಿ, ಇಲ್ಲವೆಂದಳು.

ಮೇಲ್ವಿಚಾರಕ, ಲೆಕ್ಕಿಗ ಮತ್ತು ಉಗ್ರಾಣಿ ಸೇರಿ ಪರಿಚಯ ಸಮಿತಿ ರಚನೆಯಾಯಿತು. ಹಣ್ಣನ್ನು ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲಿಟ್ಟು, ಮರಿಗಳನ್ನು ಎದುರಿಗೆ ಬಿಟ್ಟರು. "ಮಾನ್ಯ ಮರಿಗಳೇ, ಇದು ಕಲ್ಲಂಗಡಿ. ಕಲ್ಲಂಗಡಿಯೇ, ಇವು ನಮ್ಮ ಮರಿಗಳು," ಎಂದು ಮೇಲ್ವಿಚಾರಕ ಗಂಟಲು ಸರಿಮಾಡಿಕೊಂಡು ಹೇಳಿದ. ಮರಿಗಳು ಚಿಂವ್‌ಗುಟ್ಟಿದವು. ಉಭಯ ಪಕ್ಷಗಳೂ ಸಂತೋಷ ವ್ಯಕ್ತಪಡಿಸಿದವು ಎಂದು ನಡಾವಳಿಯಲ್ಲಿ ಬರೆಯಲಾಯಿತು. ಒಮ್ಮೆ ಪರಿಚಯವಾದ ತಿನಿಸು ಹೊಸ ತಿನಿಸಾಗಿ ಉಳಿಯದ ಕಾರಣ ಅದನ್ನು ವಿಲೇವಾರಿ ಮಾಡಬೇಕಾಗಿತ್ತು. ಸಮಿತಿ ಜಗಲಿಯಲ್ಲಿ ಕೂತು, ಉಪ್ಪು ಉದುರಿಸಿಕೊಂಡು ವಿಲೇವಾರಿ ಮಾಡಿತು.

ಆಮೇಲೆ ಸೌತೆಕಾಯಿ, ದ್ರಾಕ್ಷಿ, ಬೇಯಿಸಿದ ಜೋಳ ಬಂದವು. ಬೇಯಿಸಿದ ಮೊಟ್ಟೆ ಬಂದಾಗ, ಮೊದಲೇ ಸಂಬಂಧಿಕರಾದವರಿಗೆ ಪರಿಚಯದ ಅಗತ್ಯವೇನು ಎಂದು ಲೆಕ್ಕಿಗ ಆಕ್ಷೇಪ ಎತ್ತಿದ. ದೂರದ ನೆಂಟರು ಎದುರೆದುರು ಸಿಕ್ಕರೂ ಗುರುತು ಹಿಡಿಯುವುದಿಲ್ಲ ಎಂದು ಸಮಿತಿ ಅಭಿಪ್ರಾಯಪಟ್ಟು, ಮೊಟ್ಟೆಯನ್ನೂ ಪರಿಚಯಿಸಿ, ಮೆಣಸಿನ ಪುಡಿಯೊಂದಿಗೆ ವಿಲೇವಾರಿ ಮಾಡಿತು.

ಕಲ್ಲಿನ ವಿಷಯದಲ್ಲಿ ಮಾತ್ರ ಸುತ್ತೋಲೆ 'ಒದಗಿಸತಕ್ಕದ್ದು' ಎಂದು ಸ್ಪಷ್ಟವಾಗಿ ಹೇಳಿತ್ತು. ಆದ್ದರಿಂದ ಕಲ್ಲುಗಳನ್ನು ಒಂದೂ ಕಡಿಮೆಯಾಗದಂತೆ ಮರಿಗಳಿಗೆ ಒದಗಿಸಲಾಯಿತು. ಮರಿಗಳು ಅದೇ ಹಳೆಯ ನುಚ್ಚು ತಿಂದು, ಮೇಲೆ ಕಲ್ಲು ಕುಕ್ಕಿ, ಕತ್ತು ಓರೆ ಮಾಡಿ ಜಗಲಿಯ ಕಡೆ ನೋಡುತ್ತಿದ್ದವು. ಮೇಲ್ವಿಚಾರಕನಿಗೆ ಪಾಪ ಅನ್ನಿಸಿತು. ಆದರೆ ಪಾಪ ಅನ್ನಿಸಿದಾಗ ಕೈಗೊಳ್ಳಬೇಕಾದ ಕ್ರಮದ ಬಗ್ಗೆ ಸುತ್ತೋಲೆಯಲ್ಲಿ ಸೂಚನೆ ಇರಲಿಲ್ಲ.

ಕೊನೆಗೆ ಫಲಿತಾಂಶ ನೋಡಲು ದೊಡ್ಡ ಸಾಹೇಬರು ಬಂದರು. ಮರಿಗಳನ್ನು ತಕ್ಕಡಿಗೆ ಹಾಕಿಸಿದರು.

"ಏನ್ರೀ ಇದು, ಇದ್ದಷ್ಟೇ ಇವೆ. ಪರಿಚಯ ಮಾಡಿದ ತಿನಿಸೆಲ್ಲ ಏನಾಯ್ತು?"

ಮೇಲ್ವಿಚಾರಕ ನಡಾವಳಿ ಪುಸ್ತಕ ತೆರೆದು ಹಿಡಿದ. ಕುರ್ಚಿ ಕೈತಪ್ಪಿತು ಅಂದುಕೊಂಡ. "ನಿಯಮದ ಪ್ರಕಾರ ಸಮಿತಿ ವಿಲೇವಾರಿ ಮಾಡಿದೆ, ಸಾರ್."

ಸಾಹೇಬರು ಕನ್ನಡಕ ಒರೆಸಿಕೊಂಡರು. "ಮತ್ತೆ ಮರಿಗಳನ್ನ ಯಾಕೆ ತೂಗ್ತಿದೀರಿ? ತಿಂದವರನ್ನ ತೂಗಿ."

ಲೆಕ್ಕಿಗ ಮತ್ತು ಉಗ್ರಾಣಿ ಜಗಲಿಯಲ್ಲಿ ರುಚಿಗಷ್ಟು ತಿಂದು ಉಳಿದ ಪಾಲನ್ನು ಮನೆಗೆ ಒಯ್ಯುತ್ತಿದ್ದುದರಿಂದ ಅವರ ತೂಕ ಏರಿರಲಿಲ್ಲ. ಮೇಲ್ವಿಚಾರಕ ಹತ್ತಿದಾಗ ಮಾತ್ರ ತಕ್ಕಡಿಯ ಮುಳ್ಳು ಗಕ್ಕನೆ ತಿರುಗಿತು. ಯೋಜನೆ ಯಶಸ್ವಿಯಾಗಿದೆಯೆಂದು ಸಾಹೇಬರು ಅಲ್ಲೇ ಘೋಷಿಸಿದರು. ತೂಕ ಹೆಚ್ಚಿದ ಫಲಾನುಭವಿಯ ಕಾಲಿಗೆ ಗುರುತಿನ ಬಳೆ ತೊಡಿಸಿ, ದೊಡ್ಡ ಕೋಳಿಗಳ ವಿಭಾಗಕ್ಕೆ ಬಡ್ತಿ ನೀಡತಕ್ಕದ್ದು ಎಂದು ನಿಯಮವಿತ್ತು. ಅಕ್ಕ ಬಳೆ ತಂದಳು. ಮೇಲ್ವಿಚಾರಕ ಕಾಲುಚೀಲ ಇಳಿಸಿ ಕಾಲು ಚಾಚಿದ. ಅವನ ಕಣ್ಣು ತುಂಬಿ ಬಂತು.

ಹೊಸ ವಿಭಾಗದಲ್ಲಿ ಕುರ್ಚಿ ಇರಲಿಲ್ಲ. ಹುಲ್ಲು ಹಾಸಿದ ಅಗಲವಾದ ಪೆಟ್ಟಿಗೆಯಿತ್ತು. ಅವನು ಅನುಮಾನಿಸುತ್ತಲೇ ಕೂತ. ಬೆಚ್ಚಗಿತ್ತು, ಮೆತ್ತಗಿತ್ತು, ಬೆನ್ನು ಒರಗಿಸಲು ಹಲಗೆಯೂ ಇತ್ತು. ಇಷ್ಟು ವರ್ಷ ಸುಮ್ಮನೆ ಸೊಂಟ ಸವೆಸಿಕೊಂಡೆನಲ್ಲ ಎಂದು ಅವನಿಗೆ ನಿಜಕ್ಕೂ ಬೇಸರವಾಯಿತು.

ಮಧ್ಯಾಹ್ನ ಹೆಂಡತಿ ಕಟ್ಟಿಕೊಟ್ಟಿದ್ದ ಡಬ್ಬಿ ತೆರೆಯಹೊರಟಾಗ ಸಮಿತಿಯಲ್ಲಿ ಉಳಿದಿದ್ದ ಇಬ್ಬರೂ ಬಂದರು. ಲೆಕ್ಕಿಗ ಡಬ್ಬಿಯನ್ನು ಬಿಳಿ ಬಟ್ಟೆಯ ಮೇಲಿಟ್ಟು ಮುಚ್ಚಳ ತೆಗೆದು, "ಮಾನ್ಯರೇ, ಇದು ಹುರಿದ ಆಲೂಗಡ್ಡೆ. ಆಲೂಗಡ್ಡೆಯೇ, ಇವರು ನಮ್ಮವರು," ಎಂದ. ಮೇಲ್ವಿಚಾರಕ ಕೂತಲ್ಲೇ ಕೈಮುಗಿದು ಸಂತೋಷ ವ್ಯಕ್ತಪಡಿಸಿದ. ಡಬ್ಬಿ ಜಗಲಿಗೆ ಹೋಯಿತು. ಬಿಟ್ಟುಹೋದ ಉಪ್ಪಿನ ಡಬ್ಬಿಗಾಗಿ ಉಗ್ರಾಣಿ ಒಮ್ಮೆ ವಾಪಸು ಬಂದು ಹೋದ.

ಸ್ವಲ್ಪ ಹೊತ್ತಿಗೆ ಅಕ್ಕ ಬಂದು ಅವನ ಮುಂದೆ ಒಂದು ಬೊಗಸೆ ಸಣ್ಣ ಕಲ್ಲು ಒದಗಿಸಿದಳು. "ತಗೊಳ್ಳಿ ಸಾರ್. ಕಲ್ಲು ತಿಂದು ಕರಗಿಸೋ ವಯಸ್ಸಲ್ಲ, ನಿಧಾನಕ್ಕೆ ತಿನ್ನಿ," ಎಂದಳು. ಅವಳ ದನಿಯಲ್ಲಿ ಮರಿಗಳ ಮೇಲಿದ್ದಷ್ಟೇ ಅಕ್ಕರೆಯಿತ್ತು.

ಸಂಜೆ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು.

"ಸೀಟು ಹೇಗಿದೆ?"

"ಮೆತ್ತಗಿದೆ ಕಣೇ."

ಅವಳಿಗೆ ಜೀವ ಬಂದಂತಾಯಿತು. ಖಾಲಿ ಡಬ್ಬಿ ತೆಗೆದುಕೊಂಡು ಕೇಳಿದಳು: "ಊಟ ಆಯ್ತಾ?"

"ಪರಿಚಯ ಆಯ್ತು," ಎಂದು ಅವನು ಕಾಲಿನ ಬಳೆಯನ್ನು ಅಂಗಿಯ ತುದಿಯಿಂದ ಒರೆಸಿಕೊಂಡ. ಹಾಗಾದರೆ ನಾಳೆ ಬೇರೆ ಏನಾದರೂ ಹೊಸದು ಮಾಡಿಕೊಡುತ್ತೇನೆಂದು ಹೇಳಿ ಅವಳು ಒಳಗೆ ಹೋದಳು.