ದೊಡ್ಡ ಅಳಿಯಂದಿರ ಗಟ್ಟಿಮೇಳ

ಪೂಜೆಗೆ ಕೂತಾಗಲೂ ನೆನಪಾಗಿ ನಗು ಬರಿಸುವಂಥ ಪ್ರಸಂಗಗಳು, ದೊಡ್ಡ ಅಳಿಯಂದಿರು ಬಂದಾಗಿನಿಂದ ನಮ್ಮ ಮನೆಯಲ್ಲಿ ನಡೆಯುತ್ತಲೇ ಇವೆ. ಅವರು ಮೈಸೂರಿನಲ್ಲಿ ಜಾಝ್ ನುಡಿಸುತ್ತಾರೆ. ವಾದ್ಯ ಡಬಲ್ ಬಾಸ್. ನೋಡಲು ಪಿಟೀಲು, ಎತ್ತರದಲ್ಲಿ ನನಗಿಂತ ಒಂದು ಗೇಣು ಹೆಚ್ಚು. ನಿಲ್ಲಿಸಿ ತಬ್ಬಿಕೊಂಡು ತಂತಿ ಮೀಟಬೇಕು. ಜೊತೆಗೆ ಒಬ್ಬ ಸ್ನೇಹಿತರ ಗಿಟಾರ್. ಇಬ್ಬರೇ.

ಚಿಕ್ಕ ಮಗಳ ಮದುವೆ ಗೊತ್ತಾದಾಗ, ನಾದಿನಿಯ ಮದುವೆಯಲ್ಲಿ ತಾವು ನುಡಿಸಬೇಕೆಂದು ಅಳಿಯಂದಿರು ಆಸೆಪಟ್ಟರು. ಹೊಸ ಬೀಗರ ಮುಂದೆ ಮರ್ಯಾದೆ ಹೋದೀತೆಂದು ನಾನು ಹೆದರಿದೆ. ಹೆದರಲು ಕಾರಣಗಳಿದ್ದವು.

ಕಣಕಟ್ಟೆಯ ಜಗಲಿ

ವಾದ್ಯ ಮೊದಲ ಸಲ ನಮ್ಮ ಮನೆಗೆ ಬಂದ ದಿನ ಜಗಲಿಯ ಮೇಲೆ ಮಲಗಿಸಿದ್ದರು. ಧೂಳು ಕೂರುತ್ತದೆಂದು ನನ್ನ ಹೆಂಡತಿ ಬಿಳಿ ಪಂಚೆ ಹೊದಿಸಿದಳು. ರಾಗಿ ಹೊಲದಿಂದ ಬರುತ್ತಿದ್ದ ಪಕ್ಕದ ಮನೆ ಅಜ್ಜಿ ಅದನ್ನು ಕಂಡು ಚಪ್ಪಲಿ ಬಿಟ್ಟು, ಕೈಮುಗಿದು ನಿಂತು, ಮೆಲ್ಲಗೆ "ಯಾರವ್ವಾ?" ಅಂದರು.

"ನಮ್ಮ ಅಳಿಯಂದಿರದು" ಅಂದಳು ಇವಳು.

ಅಜ್ಜಿ ಅಳತೊಡಗಿದರು. ಅಷ್ಟರಲ್ಲಿ ಅಳಿಯಂದಿರು ಕಾಫಿ ಲೋಟ ಹಿಡಿದು ಹೊರಗೆ ಬಂದರು. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಇರ್ಲಿ ಬಿಡಪ್ಪ, ಅತ್ತಿದ್ದು ನಿನ್ ಆಯಸ್ಸಿಗಾಯ್ತು" ಎಂದು ಹೊರಟರು.

ಹಳೇಬೀಡಿನ ಭಾವಮೈದ

ಹಳೇಬೀಡಿನಲ್ಲಿ ಅಂಗಡಿ ಇಟ್ಟಿರುವ ಭಾವಮೈದನ ಮನೆಯಲ್ಲಿ ಇಬ್ಬರೂ ನುಡಿಸಿದರು. ಅವನು ತಲೆದೂಗಿ ಕೇಳಿ, ಅದನ್ನೇ ಇನ್ನೊಂದು ಸಲ ನುಡಿಸಿರೆಂದ. ನುಡಿಸಿದರು, ಬೇರೆ ಥರ ಬಂತು. ಮತ್ತೊಮ್ಮೆ ಕೇಳಿದ, ಅದೂ ಬೇರೆ. ಜಾಝ್‌ನಲ್ಲಿ ಹಾಡಿನ ಚೌಕಟ್ಟು ಮಾತ್ರ ಅದೇ, ಉಳಿದದ್ದು ನುಡಿಸುತ್ತ ಆ ಕ್ಷಣಕ್ಕೇ ಹುಟ್ಟಬೇಕು ಎಂದು ಅಳಿಯಂದಿರು ಸಾವಧಾನವಾಗಿ ಹೇಳಿದರು.

ಭಾವಮೈದ ನನ್ನನ್ನು ಅಡುಗೆಮನೆಗೆ ಕರೆದ. "ಭಾವ, ಹುಡುಗ್ರು ಒಳ್ಳೇರು. ಪಾಠ ಮಾತ್ರ ಇನ್ನೂ ಬಾಯಿಗೆ ಬಂದಿಲ್ಲ. ಮದ್ವೆಗೆ ಟೈಮ್ ಐತಲ್ಲ, ಕಲೀತಾರೆ ಬಿಡಿ."

ಬೇಲೂರಿನ ಛತ್ರ

ಊಟದ ಹೊತ್ತಿಗೆ, ಪಂಕ್ತಿಯ ಮೂಲೆಯಲ್ಲಿ ನುಡಿಸಲಿ ಎಂದು ಒಪ್ಪಿದ್ದೆ. ಮದುವೆಯ ಬೆಳಿಗ್ಗೆ ವಾಲಗದವರ ವ್ಯಾನು ದಾರಿಯಲ್ಲಿ ಕೆಟ್ಟು ನಿಂತಿತು. ತಾಳಿ ಕಟ್ಟುವಾಗ ಅಪಶಬ್ದ, ಸೀನು ಯಾವುದೂ ಕಿವಿಗೆ ಬೀಳದಂತೆ ಗಟ್ಟಿಮೇಳ ಮೊಳಗಬೇಕಲ್ಲ. ಬೀಗರು ನನ್ನ ಮುಖ ನೋಡಿದರು. "ಮುಹೂರ್ತ ಕಾಯಲ್ಲ, ಇರೋರ್ನೇ ಕರೀರಿ" ಅಂದರು ಮದುವೆ ಮಾಡಿಸಲು ಬಂದಿದ್ದ ಅಯ್ನೋರು. ನಾನು ಅಳಿಯಂದಿರ ಕಡೆ ತಲೆಯಾಡಿಸಿದೆ.

ಅಯ್ನೋರು ಕೈಯೆತ್ತಿ ಗಟ್ಟಿಮೇಳ ಅಂದರು. ಇಬ್ಬರೂ ಬೆರಳು ನೋಯುವಷ್ಟು ಜೋರಾಗಿ ಮೀಟಿದರು. ಸದ್ದು ಕುರ್ಚಿಗಳ ಎರಡನೇ ಸಾಲು ದಾಟಲಿಲ್ಲ. ಮೇಳ ಶುರುವಾಯಿತೋ ಇಲ್ಲವೋ ಎಂದು ಛತ್ರಕ್ಕೆ ಛತ್ರವೇ ಮಾತು ನಿಲ್ಲಿಸಿ ಕಿವಿಗೊಟ್ಟಿತು. ಅಯ್ನೋರ ಮಂತ್ರ ಅಡುಗೆಭಟ್ಟರವರೆಗೂ ಕೇಳಿಸಿತು. ನಡುವೆ ಅವರು ಒಮ್ಮೆ ನಿಂತು, ಸುತ್ತ ನೋಡಿ, ಕೆಮ್ಮಿ, ಮೊದಲಿಂದ ಶುರುಮಾಡಿದರು.

ತಾಳಿಯಾಯಿತು. ಬೀಗರು ಅಳಿಯಂದಿರ ಕೈ ಹಿಡಿದು, ಮಂತ್ರ ಕೇಳಿಸಿದ ಮದುವೆ ತಾವು ಕಂಡದ್ದು ಇದೇ ಮೊದಲು ಎಂದರು. ಶಿವನ ದಯೆ, ನನ್ನ ಎದೆ ತಣ್ಣಗಾಯಿತು.

ಊಟವಾದ ಮೇಲೆ ಅಯ್ನೋರು ಎಲೆಯಡಿಕೆ ಹಾಕಿಕೊಂಡು ನನ್ನನ್ನು ಪಕ್ಕಕ್ಕೆ ಕರೆದರು.

"ಅಳಿಯಂದಿರ ಕೈ ಚೆನ್ನಾಗೈತೆ. ಆದ್ರೆ ಇನ್ನೊಂದ್ ಮದ್ವೆಗೆ ವಾಲಗದೋರ್ನ ನಾನೇ ಹೋಗಿ ಕರ್ಕೊಂಡು ಬತ್ತೀನಿ. ಇವತ್ತು ಮಂತ್ರ ಪೂರ್ತಿ ಹೇಳಬೇಕಾಯ್ತು."